ಹನುಕ್ಕಾ ಹಬ್ಬದ ಬಾಣಲೆ

ಹನುಕ್ಕಾ ಯೆಹೂದಿಗಳು ಎಂಟು ದಿನ ಆಚರಿಸುವ ದೀಪದ ಹಬ್ಬ. ಯೆಹೂದಿ ಪಂಚಾಂಗದ ಕಿಸ್ಲೇವ್ ಮಾಸದ 25ರಂದು ಅದು ಆರಂಭವಾಗುತ್ತದೆ. ಈ ಪಂಚಾಂಗದ ತಿಂಗಳುಗಳು ಚಂದ್ರನ ಲೆಕ್ಕದವು. ಋತುಗಳು ತಪ್ಪದಂತೆ ಅದರಲ್ಲೂ ಅಧಿಕಮಾಸ ಸೇರಿಸುತ್ತಾರೆ. ಆದ್ದರಿಂದ ಹಬ್ಬದ ಇಂಗ್ಲಿಷ್ ತಾರೀಖು ವರ್ಷ ವರ್ಷವೂ ಹಿಂದೆ ಮುಂದೆ ಆದರೂ, ಎಂಟು ರಾತ್ರಿಗಳ ನಡುವೆ ಚಳಿಗಾಲದ ಒಂದು ಅಮಾವಾಸ್ಯೆ ಬಂದೇ ಬರುತ್ತದೆ. ಸಂಜೆ ದೀಪ ಹಚ್ಚುವುದು ಹಬ್ಬದ ಮುಖ್ಯ ವಿಧಿ. ಊಟಕ್ಕೆ ಅಂಥ ವಿಧಿಯೇನೂ ಇಲ್ಲ. ಎಣ್ಣೆಯಲ್ಲಿ ಕರಿದದ್ದನ್ನು ತಿನ್ನಬೇಕೆಂಬುದು ರೂಢಿಯಿಂದ ಬಂದದ್ದು. ಏನನ್ನು ಕರಿಯಬೇಕು, ಯಾವ ಜಿಡ್ಡಿನಲ್ಲಿ ಕರಿಯಬೇಕು ಎಂಬುದನ್ನು ಯೆಹೂದಿಗಳು ನೆಲೆಸಿದ ನಾಡುಗಳ ಬೆಳೆ, ಬೆಲೆ, ಹವೆಗಳೇ ತೀರ್ಮಾನಿಸುತ್ತ ಬಂದವು. ಹಾಗಾಗಿ ಹನುಕ್ಕಾ ತಿನಿಸುಗಳ ಕಥೆಯೊಳಗೆ ಯೆಹೂದಿಗಳ ವಲಸೆಯ ಕಥೆಯೂ ಅಡಗಿದೆ.

ಹಬ್ಬದ ಹುಟ್ಟು

ಅಲೆಕ್ಸಾಂಡರನ ಸಾಮ್ರಾಜ್ಯ ಒಡೆದ ಮೇಲೆ ಅದರ ಪೂರ್ವಭಾಗ ಅವನ ಸೇನಾನಿ ಸೆಲ್ಯೂಕಸನ ವಂಶದ ಪಾಲಾಯಿತು. ಆ ವಂಶದ ದೊರೆ ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ಯೆಹೂದಿ ಧರ್ಮಾಚರಣೆಗಳನ್ನು ನಿಷೇಧಿಸಿದ. ಜೆರೂಸಲೇಮಿನ ದೇವಾಲಯದಲ್ಲಿ ಗ್ರೀಕ್ ದೇವತೆಗೆ ಬಲಿ ನಡೆಯತೊಡಗಿತು. ಮೋದಿಯಿನ್ ಎಂಬ ಊರಿನ ಪುರೋಹಿತ ಮತ್ತತಿಯಾಸ್ ತನ್ನ ಐವರು ಮಕ್ಕಳೊಡನೆ ದಂಗೆಯೆದ್ದ. ಮಕ್ಕಳಲ್ಲಿ ಒಬ್ಬನಾದ ಯೂದಾ ಮಕ್ಕಬಿಯ ನಾಯಕತ್ವದಲ್ಲಿ ಬಂಡಾಯಗಾರರು ಜೆರೂಸಲೇಮನ್ನು ಗೆದ್ದು, ಕ್ರಿ.ಪೂ. 164ರ ಕಿಸ್ಲೇವ್ 25ರಂದು ದೇವಾಲಯವನ್ನು ಶುದ್ಧಿಗೊಳಿಸಿ ಮತ್ತೆ ದೇವರಿಗೆ ಅರ್ಪಿಸಿದರು. 'ಹನುಕ್ಕಾ' ಎಂಬ ಹೀಬ್ರೂ ಮಾತಿನ ಅರ್ಥ ಈ ಪುನರರ್ಪಣೆಯೇ.

ಈ ಘಟನೆಗಳಿಗೆ ಹತ್ತಿರದ ಬರಹಗಳಾದ ಮಕ್ಕಬಿಯರ ಎರಡು ಪುಸ್ತಕಗಳಲ್ಲಿ ಎಣ್ಣೆಯ ಪವಾಡ ಇಲ್ಲ. ಮೊದಲ ಪುಸ್ತಕ ಎಂಟು ದಿನದ ಉತ್ಸವವನ್ನು ಮಾತ್ರ ಹೇಳುತ್ತದೆ. ಯುದ್ಧದಿಂದಾಗಿ ನಿಂತುಹೋಗಿದ್ದ ಪರ್ಣಶಾಲೆಗಳ ಹಬ್ಬವನ್ನು ನೆನೆದು ಎಂಟು ದಿನ ಆಚರಿಸಿದರೆಂದು ಎರಡನೆಯದು ವಿವರಿಸುತ್ತದೆ. ಕ್ರಿ.ಶ. ಮೊದಲ ಶತಮಾನದ ಚರಿತ್ರಕಾರ ಜೋಸೆಫಸ್ ಇದನ್ನು 'ಬೆಳಕುಗಳು' ಎಂಬ ಹೆಸರಿನಿಂದ ಕರೆದರೂ ಎಣ್ಣೆಯ ಮಾತೆತ್ತುವುದಿಲ್ಲ. ಇಂದು ಪ್ರತಿ ಮಗುವಿಗೂ ಗೊತ್ತಿರುವ ಕಥೆ ಕಾಣುವುದು ಹಲವು ಶತಮಾನಗಳ ನಂತರ ಸಂಕಲನಗೊಂಡ, ಯೆಹೂದಿ ಧರ್ಮಪಂಡಿತರ ಚರ್ಚೆಗಳ ಗ್ರಂಥವಾದ ಬ್ಯಾಬಿಲೋನಿನ ತಾಲ್ಮುದ್‌ನಲ್ಲಿ. ಗೆದ್ದವರಿಗೆ ದೇವಾಲಯದಲ್ಲಿ ಪ್ರಧಾನ ಪುರೋಹಿತನ ಮುದ್ರೆ ಒಡೆಯದ ಒಂದೇ ಒಂದು ಎಣ್ಣೆ ಕುಡಿಕೆ ಸಿಕ್ಕಿತು. ಒಂದು ದಿನಕ್ಕೆ ಸಾಲುವ ಆ ಎಣ್ಣೆಯಿಂದ ದೀಪ ಎಂಟು ದಿನ ಉರಿಯಿತು ಎಂಬುದು ಆ ಕಥೆ. ಯುದ್ಧದ ಗೆಲುವನ್ನು ನೆನೆಯಲು ಹುಟ್ಟಿದ ಹಬ್ಬ ಹೀಗೆ ಎಣ್ಣೆಯ ಹಬ್ಬವಾಯಿತು. ಆಲಿವ್ ನಾಡಿನಲ್ಲಿ ಅದಕ್ಕೆ ಕಾಲವೂ ಹೊಂದುತ್ತಿತ್ತು. ಅಲ್ಲಿ ಆಲಿವ್ ಕೊಯ್ಲು ಶರತ್ಕಾಲದ್ದು. ಕಿಸ್ಲೇವ್ ಬರುವ ಹೊತ್ತಿಗೆ ಗಾಣದಿಂದ ಹೊಸ ಎಣ್ಣೆ ಮನೆಗೆ ಬಂದಿರುತ್ತದೆ.

ಮನೆಗೊಂದು ದೀಪ

ಮಕ್ಕಬಿಯರ ಪುಸ್ತಕಗಳು ಹೀಬ್ರೂ ಬೈಬಲ್ಲಿಗೆ ಸೇರಲಿಲ್ಲ. ಹನುಕ್ಕಾ ಆ ಬೈಬಲ್ಲಿನ ಮೊದಲ ಐದು ಪುಸ್ತಕಗಳಾದ ತೋರಾದಲ್ಲಿ ವಿಧಿಸಿದ ಹಬ್ಬವೂ ಅಲ್ಲವಾದ್ದರಿಂದ ಆ ದಿನಗಳಲ್ಲಿ ದುಡಿಮೆಗೆ ಅಡ್ಡಿಯಿಲ್ಲ. ಅಂಗಡಿ, ಹೊಲ, ಕಾರ್ಖಾನೆ ಎಲ್ಲವೂ ನಡೆಯುತ್ತವೆ. ಹಬ್ಬ ತೊಡಗುವುದು ಸಂಜೆ, ಮನೆಯಲ್ಲಿ. ಮನೆಗೆ ಒಂದು ದೀಪವಾದರೂ ಇರಬೇಕು ಎಂಬುದು ತಾಲ್ಮುದ್ ಹೇಳುವ ಕನಿಷ್ಠ ವಿಧಿ. ಇಲ್ಲಿ ಲೆಕ್ಕಕ್ಕೆ ಬರುವ ಘಟಕ ಮನೆತನ. ಎಂಟು ದೀಪಗಳಿಂದ ಶುರುಮಾಡಿ ದಿನಕ್ಕೊಂದು ಇಳಿಸಬೇಕೆಂದು ಧರ್ಮಪಂಡಿತ ಶಮ್ಮಾಯಿಯ ಪಂಥ, ಒಂದರಿಂದ ಶುರುಮಾಡಿ ಏರಿಸಬೇಕೆಂದು ಮತ್ತೊಬ್ಬ ಪಂಡಿತ ಹಿಲ್ಲೇಲನ ಪಂಥ ವಾದಿಸಿದವು. ನಿಂತದ್ದು ಹಿಲ್ಲೇಲನ ಮಾತು. ಹನುಕ್ಕಿಯಾ ಎನ್ನುವ ದೀಪಸ್ತಂಭದಲ್ಲಿ ಎಂಟು ದೀಪಗಳ ಜೊತೆಗೆ ಒಂಬತ್ತನೆಯದೊಂದು ಇರುತ್ತದೆ. 'ಶಮಾಶ್', ಎಂದರೆ ಸೇವಕ, ಅದರ ಹೆಸರು. ಹನುಕ್ಕಾ ದೀಪದ ಬೆಳಕನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಮಿಕ್ಕ ದೀಪಗಳನ್ನು ಹಚ್ಚುವುದಕ್ಕೂ ಕೋಣೆಗೆ ಬೆಳಕಾಗುವುದಕ್ಕೂ ಈ ಸೇವಕ ಬೇಕು.

ದೀಪವನ್ನು ಬಾಗಿಲ ಹೊರಗೆ ಅಥವಾ ಬೀದಿಗೆ ಕಾಣುವ ಕಿಟಕಿಯಲ್ಲಿ ಇಡಬೇಕು. ಪವಾಡವನ್ನು ಸಾರುವುದು ಅದರ ಉದ್ದೇಶ. ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು ಎಂಬ ವಿನಾಯಿತಿಯನ್ನು ತಾಲ್ಮುದ್ ಅಂದೇ ಕೊಟ್ಟಿದೆ. ಮುಂದಿನ ಕಾಲದಲ್ಲಿ ಕಿಟಕಿಯೋ ಮೇಜೋ ಎಂಬುದು ನೆರೆಹೊರೆ ಎಂಥದೆಂದು ತಿಳಿಸುವ ಅಳತೆಗೋಲಾಯಿತು. 1931ರಲ್ಲಿ ಜರ್ಮನಿಯ ಕೀಲ್ ನಗರದ ರಬ್ಬಿ (ಯೆಹೂದಿ ಧರ್ಮಗುರು) ಅಕಿವಾ ಪೋಸ್ನರ್ ಅವರ ಪತ್ನಿ ರಾಖೆಲ್ ತೆಗೆದ ಒಂದು ಛಾಯಾಚಿತ್ರ ಪ್ರಸಿದ್ಧ. ಕಿಟಕಿಯಲ್ಲಿ ಹನುಕ್ಕಿಯಾ, ಅದರಾಚೆ ಎದುರು ಕಟ್ಟಡದ ಮೇಲೆ ನಾಜಿ ಬಾವುಟ. ಆ ಕುಟುಂಬ ಮುಂದೆ ಜರ್ಮನಿ ಬಿಟ್ಟು ಪ್ಯಾಲೆಸ್ಟೀನಿಗೆ ಹೋಯಿತು, ದೀಪಸ್ತಂಭವೂ ಜೊತೆಗೆ ಹೋಯಿತು.

ಸ್ಫೆಂಜ್: ಕರಿದ ತಿನಿಸಿನ ಮೊದಲ ಸುಳಿವು

ದೀಪದ ಬಗ್ಗೆ ಇಷ್ಟು ವಿವರವಾಗಿ ಚರ್ಚಿಸುವ ತಾಲ್ಮುದ್ ಹನುಕ್ಕಾ ತಿನಿಸಿನ ಬಗ್ಗೆ ಮೌನ. ಕರಿದ ತಿನಿಸಿನ ಹಳೆಯ ಉಲ್ಲೇಖಗಳಲ್ಲೊಂದು ಸಿಗುವುದು ಹನ್ನೆರಡನೆಯ ಶತಮಾನದಲ್ಲಿ, ರಬ್ಬಿ ಮೈಮೋನ್ ಬೆನ್ ಯೋಸೆಫನ ಬರಹದಲ್ಲಿ. ಈತ ಪ್ರಸಿದ್ಧ ತತ್ತ್ವಜ್ಞಾನಿ ಮೈಮೊನಿಡೀಸನ ತಂದೆ. ಸ್ಪೇನಿನ ಕಾರ್ಡೋಬಾ ಬಿಟ್ಟು ಮೊರಾಕ್ಕೋದ ಫೆಜ್ ನಗರ ಸೇರಿದವನು. ಹನುಕ್ಕಾದ ಯಾವ ರೂಢಿಯನ್ನೂ ಹಗುರವಾಗಿ ಕಾಣಬಾರದೆಂದು ಹೇಳುತ್ತ ಅವನು ಸುಫ್ಗಾನಿನ್ ಮಾಡುವ ಹಳೆಯ ವಾಡಿಕೆಯನ್ನೂ ನೆನೆಯುತ್ತಾನೆ. ಅರಬ್ಬಿಯಲ್ಲಿ ಇದಕ್ಕೆ ಸ್ಫೆಂಜ್ ಎನ್ನುತ್ತಾರೆಂದೂ ತಿಳಿಸುತ್ತಾನೆ. ಎರಡು ಹೆಸರುಗಳ ಹಿಂದೆಯೂ ಸ್ಪಂಜಿನ ಅರ್ಥವಿದೆ. ಹುದುಗು ಬರಿಸಿದ ಸಡಿಲ ಹಿಟ್ಟನ್ನು ಒದ್ದೆ ಕೈಯಲ್ಲಿ ಬಳೆಯಂತೆ ಎಳೆದು ಕಾದ ಎಣ್ಣೆಗೆ ಬಿಟ್ಟರೆ ಅದು ಉಬ್ಬಿ, ಒಳಗೆಲ್ಲ ತೂತುತೂತಾಗಿ ಬೇಯುತ್ತದೆ. ಬಿಸಿಯಿರುವಾಗಲೇ ಜೇನು ಅಥವಾ ಸಕ್ಕರೆ ಹಾಕಿಕೊಂಡು ತಿನ್ನುವುದು ವಾಡಿಕೆ.

ಮೈಮೋನನ ಕಾಲದ ಯೆಹೂದಿ ವರ್ತಕರ ಲೋಕ ಸ್ಪೇನಿನಿಂದ ಕೈರೋ, ಏಡನ್ ದಾಟಿ ಕರ್ನಾಟಕದ ಕರಾವಳಿಯವರೆಗೆ ಹಬ್ಬಿತ್ತು. ಟುನೀಸಿಯದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು 1132ರಿಂದ 1149ರ ತನಕದ ಕಾಲವನ್ನು ಹೆಚ್ಚಾಗಿ ಮಂಗಳೂರಿನಲ್ಲಿ ಕಳೆದ. ಅವನ ವ್ಯವಹಾರದ ಪತ್ರಗಳು ಹಳೆಯ ಕೈರೋದ ಸಿನಗಾಗಿನ (ಯೆಹೂದಿ ಪ್ರಾರ್ಥನಾಮಂದಿರದ) ಕಾಗದದ ಉಗ್ರಾಣದಲ್ಲಿ ಉಳಿದುಬಂದವು. ಕಬ್ಬಿಣ, ಮೆಣಸುಗಳು ಅತ್ತ ಹೋದರೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳು ಇತ್ತ ಬರುತ್ತಿದ್ದವು. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳು ಬೊಮ್ಮನ ಹೆಸರೂ ಆ ಪತ್ರಗಳಲ್ಲಿದೆ. ಒಂದೇ ಪಂಚಾಂಗ, ಒಂದೇ ಹಬ್ಬಗಳು ದೂರದೂರದ ಬಂದರುಗಳಲ್ಲಿ ಉಳಿದದ್ದು ಇಂಥ ಓಡಾಟದಿಂದ.

ಸ್ಪೇನ್: ಎಣ್ಣೆಯೇ ಸಾಕ್ಷಿ

ಸ್ಪೇನಿನಲ್ಲಿ ಅಡುಗೆಯ ಎಣ್ಣೆಗೆ ಬೇರೊಂದು ಭಾರ ಬಿತ್ತು. ಅಲ್ಲಿನ ಕ್ರೈಸ್ತರು ಹಂದಿಯ ಕೊಬ್ಬಿನಲ್ಲಿ ಅಡುಗೆ ಮಾಡುತ್ತಿದ್ದರು. ಹಂದಿ ನಿಷಿದ್ಧವಾದ ಯೆಹೂದಿಗಳು ಆಲಿವ್ ಎಣ್ಣೆ ಬಳಸುತ್ತಿದ್ದರು. ಒತ್ತಾಯಕ್ಕೆ ಮತಾಂತರಗೊಂಡವರು ಒಳಗೊಳಗೇ ಹಳೆಯ ಧರ್ಮ ಪಾಲಿಸುತ್ತಿದ್ದಾರೆಯೇ ಎಂದು ಹದಿನೈದನೆಯ ಶತಮಾನದ ಕೊನೆಯಲ್ಲಿ ಚರ್ಚಿನ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ವಿಚಾರಣೆ ತೊಡಗಿದಾಗ ಅಡುಗೆಮನೆಯೂ ಸಾಕ್ಷಿಯಾಯಿತು. ಮತಾಂತರಿತರು ಮಾಂಸವನ್ನು ಎಣ್ಣೆಯಲ್ಲಿ ಬೇಯಿಸುತ್ತಾರೆ, ಅವರ ಮನೆಗಳು ಅದರ ವಾಸನೆ ಹೊಡೆಯುತ್ತವೆ ಎಂದು ಅಂದಿನ ಪಾದ್ರಿ, ಚರಿತ್ರಕಾರ ಆಂದ್ರೇಸ್ ಬೆರ್ನಾಲ್ದೆಸ್ ಹಳಿದು ಬರೆದಿದ್ದಾನೆ.

1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದಿಗಳು ಉತ್ತರ ಆಫ್ರಿಕ, ಬಾಲ್ಕನ್, ತುರ್ಕಿಗಳಲ್ಲಿ ನೆಲೆ ಕಂಡರು. ಸೆಫಾರ್ದಿಗಳೆಂದು ಕರೆಸಿಕೊಳ್ಳುವ ಇವರು ತಮ್ಮ ಲಾಡಿನೋ ಭಾಷೆಯ ಜೊತೆಗೆ ಬಿಮುವೆಲೋಸ್ ಎಂಬ ತಿನಿಸನ್ನೂ ಒಯ್ದರು. ಹುದುಗಿದ ಹಿಟ್ಟನ್ನು ಎಣ್ಣೆಗೆ ಬಿಟ್ಟು, ಉಂಡೆಯುಂಡೆಯಾಗಿ ಕರಿದು ಜೇನಿನಲ್ಲೋ ಸಕ್ಕರೆ ಪಾಕದಲ್ಲೋ ಹೊರಳಿಸಿದರೆ ಬಿಮುವೆಲೋಸ್. ಇನ್ನೂ ಪೂರ್ವಕ್ಕೆ, ಅರಬ್ ನಾಡುಗಳ ಯೆಹೂದಿಗಳಲ್ಲಿ ಹನುಕ್ಕಾಕ್ಕೆ ಜಲಾಬಿಯಾ ಮಾಡುತ್ತಾರೆ. ಹಿಟ್ಟನ್ನು ಸುರುಳಿಯಾಗಿ ಎಣ್ಣೆಗೆ ಬಿಟ್ಟು ಪಾಕಕ್ಕೆ ಹಾಕುವ ಈ ತಿನಿಸಿನ ಹೆಸರೇ ಪರ್ಷಿಯನ್ನಿನ ದಾರಿಯಲ್ಲಿ ಬಂದು ಜಿಲೇಬಿಯಾಯಿತು. ಟುನೀಸಿಯ, ಲಿಬಿಯಗಳ ಯೆಹೂದಿಗಳಲ್ಲಿ ಹನುಕ್ಕಾ ನಡುವಿನ ತೇವೇತ್ ಮಾಸದ ಮೊದಲ ದಿನ 'ಹೆಣ್ಣುಮಕ್ಕಳ ಹಬ್ಬ'. ಆ ದಿನ ಹೆಂಗಸರು ಕೆಲಸ ಬಿಟ್ಟು ಒಂದೆಡೆ ಕೂಡಿ ಸಿಹಿ ಹಂಚಿಕೊಳ್ಳುತ್ತಾರೆ.

ಯೂದಿತಳ ಗಿಣ್ಣು

ಯುರೋಪಿನಲ್ಲಿ ಹನುಕ್ಕಾ ಜೊತೆ ಹೆಣ್ಣೊಬ್ಬಳ ಕಥೆ ಬೆರೆಯಿತು. ಶತ್ರು ಸೇನಾಪತಿ ಹೋಲೋಫರ್ನೆಸನ ಡೇರೆಗೆ ಹೋಗಿ, ಅವನು ಕುಡಿದು ಮಲಗಿದಾಗ ತಲೆ ಕಡಿದ ವಿಧವೆ ಯೂದಿತಳ ಕಥೆ ಅದು. ಮೂಲ ಪುಸ್ತಕದ ಹಿನ್ನೆಲೆ ಮಕ್ಕಬಿಯರ ಕಾಲದ್ದಲ್ಲ, ಅಲ್ಲಿ ಗಿಣ್ಣಿನ ಮಾತೂ ಇಲ್ಲ. ಮಧ್ಯಯುಗದ ಹೀಬ್ರೂ ರೂಪಾಂತರಗಳು ಯೂದಿತಳನ್ನು ಮಕ್ಕಬಿಯರ ಕಾಲಕ್ಕೆ ತಂದವು. ಹೆಚ್ಚು ಬಾಯಾರಿಕೆಯಾಗಿ ಹೆಚ್ಚು ಮದ್ಯ ಕುಡಿಯಲೆಂದು ಅವಳು ಸೇನಾಪತಿಗೆ ಹಾಲಿನ ಪದಾರ್ಥ ತಿನ್ನಿಸಿದಳೆಂಬ ವಿವರವೂ ಸೇರಿಕೊಂಡಿತು. ಇದನ್ನು ನೆನೆದು ಹನುಕ್ಕಾದಲ್ಲಿ ಗಿಣ್ಣು ತಿನ್ನುವ ರೂಢಿಯನ್ನು ಹದಿನಾರನೆಯ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸರ್ಲೆಸ್ ಧರ್ಮಶಾಸ್ತ್ರ ಗ್ರಂಥ 'ಶುಲ್ಹಾನ್ ಅರೂಖ್'ಗೆ ಬರೆದ ಟಿಪ್ಪಣಿಯಲ್ಲಿ ದಾಖಲಿಸಿದ್ದಾನೆ. ದೀಪ ಉರಿಯುವಷ್ಟು ಹೊತ್ತು ಹೆಂಗಸರು ಕೆಲಸ ಮುಟ್ಟಬಾರದೆಂಬ ಪದ್ಧತಿಯೂ ಬಹಳ ಕಡೆ ಇದೆ.

ಇಟಲಿಯಲ್ಲಿ ಗಿಣ್ಣೂ ಎಣ್ಣೆಯೂ ಒಂದಾದವು. ರಿಕೋಟ್ಟಾ ಎಂಬ ಮೆದು ಗಿಣ್ಣಿಗೆ ಮೊಟ್ಟೆ, ಹಿಟ್ಟು ಕಲಸಿ ಎಣ್ಣೆಯಲ್ಲಿ ಬೇಯಿಸಿದ ಚಿಕ್ಕ ದೋಸೆಗಳು ಅಲ್ಲಿನ ಯೆಹೂದಿಗಳ ಹಬ್ಬದಡುಗೆಯಾದವು. ಸೋಂಪು, ಒಣದ್ರಾಕ್ಷಿ ಬೆರೆಸಿದ ಬ್ರೆಡ್ಡಿನ ಹಿಟ್ಟನ್ನು ಕರಿದು ಜೇನು ಸುರಿಯುವ ಫ್ರಿತ್ತೆಲ್ಲೆಯೂ ಇಟಲಿಯದೇ.

ಬಾತುಕೊಬ್ಬು, ಆಲೂಗಡ್ಡೆ, ಲಾಟ್ಕೆ

ಆಲ್ಪ್ಸ್ ದಾಟಿ ಜರ್ಮನಿ, ಪೋಲೆಂಡ್, ಲಿಥುವೇನಿಯಗಳ ಕಡೆ ನಡೆದರೆ ಆಲಿವ್ ಮರ ಬೆಳೆಯುವುದಿಲ್ಲ. ಅದರ ಎಣ್ಣೆ ಬಡವರ ಕೈಗೆಟುಕುತ್ತಿರಲಿಲ್ಲ. ಅಲ್ಲಿನ ಅಶ್ಕೆನಾಜಿ ಯೆಹೂದಿಗಳು ಚಳಿಗಾಲಕ್ಕೆಂದು ಹೆಬ್ಬಾತುಗಳನ್ನು ಕೊಬ್ಬಿಸಿ, ಹನುಕ್ಕಾ ಸುಮಾರಿಗೆ ಕೊಯ್ದು, ಕೊಬ್ಬನ್ನು ಕರಗಿಸಿ ತುಂಬಿಡುತ್ತಿದ್ದರು. ಯಿಡ್ಡಿಷ್ ಭಾಷೆಯಲ್ಲಿ ಇದಕ್ಕೆ ಶ್ಮಾಲ್ಟ್ಸ್ ಎಂದು ಹೆಸರು. ಇದರಲ್ಲಿ ಒಂದು ಪಾಲನ್ನು ವಸಂತದ ಪಾಸ್‌ಓವರ್ ಹಬ್ಬಕ್ಕೂ ಎತ್ತಿಡುತ್ತಿದ್ದರು. ಆದರೆ ಇದು ಮಾಂಸದಿಂದ ಬಂದ ಜಿಡ್ಡು. ಮಾಂಸವನ್ನೂ ಹಾಲನ್ನೂ ಬೆರೆಸಬಾರದೆಂಬುದು ಯೆಹೂದಿಗಳ ಆಹಾರ ನಿಯಮವಾದ ಕೋಶರ್‌ನ ಗಟ್ಟಿ ಕಟ್ಟಳೆ. ಬಾತುಕೊಬ್ಬು ಬಾಣಲೆಗೆ ಬಂದರೆ ಗಿಣ್ಣು ಹೊರಗೆ ಹೋಗಲೇಬೇಕು. ಅದರ ಜಾಗಕ್ಕೆ ಬಂದದ್ದು ಬಕ್‌ವೀಟ್‌ನಂಥ ಅಗ್ಗದ ಕಾಳಿನ ಹಿಟ್ಟು.

ಆಲೂಗಡ್ಡೆ ದಕ್ಷಿಣ ಅಮೆರಿಕದ ಬೆಳೆ. ಯುರೋಪಿಗೆ ಬಂದು ಎರಡು ಶತಮಾನ ಕಳೆದರೂ ಪೂರ್ವ ಯುರೋಪಿನ ರೈತರು ಅದನ್ನು ಅನುಮಾನದಿಂದಲೇ ನೋಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಿಂದ, ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ, ಧಾನ್ಯದ ಬೆಳೆ ಕೈಕೊಟ್ಟ ವರ್ಷಗಳು ಅದರ ಬೆಲೆಯನ್ನು ತಿಳಿಸಿದವು. ಸ್ವಲ್ಪ ನೆಲದಲ್ಲಿ ಹೆಚ್ಚು ಫಸಲು, ನೆಲಮಾಳಿಗೆಯಲ್ಲಿಟ್ಟರೆ ಚಳಿಗಾಲವಿಡೀ ಬಾಳಿಕೆ. ಬಡ ಯೆಹೂದಿ ಮನೆಗಳ ದಿನನಿತ್ಯದ ಊಟವೇ ಆಲೂಗಡ್ಡೆಯಾಯಿತು. ಹಬ್ಬಕ್ಕೆ ಅದೇ ತುರಿದ ರೂಪದಲ್ಲಿ ಬಂತು. ಆಲೂಗಡ್ಡೆ ಮತ್ತು ಈರುಳ್ಳಿಯನ್ನು ಹಸಿಯಾಗಿ ತುರಿದು, ನೀರು ಹಿಂಡಿ, ಮೊಟ್ಟೆ, ಉಪ್ಪು, ಚೂರು ಹಿಟ್ಟು ಸೇರಿಸಿ, ಬಿಸಿ ಜಿಡ್ಡಿನಲ್ಲಿ ಚಪ್ಪಟೆಯಾಗಿ ಹರಡಿ ಎರಡೂ ಮಗ್ಗುಲು ಗರಿಯಾಗುವಂತೆ ಕರಿದರೆ ಲಾಟ್ಕೆ. ಜೊತೆಗೆ ಸೇಬಿನ ಗೊಜ್ಜು. ಎಣ್ಣೆಯಲ್ಲಿ ಕರಿದದ್ದಾದರೆ ಹುಳಿ ಕೆನೆಯೂ ಆದೀತು. ಹನುಕ್ಕಾ ಎಂದರೆ ಲಾಟ್ಕೆ ಎಂಬ ಮಾತು ಇಂದು ಜಗತ್ತಿನ ಬಹುಭಾಗದಲ್ಲಿ ಸಹಜವೆನಿಸಿದರೂ ಆಲೂಗಡ್ಡೆಯ ಲಾಟ್ಕೆಗೆ ಹೆಚ್ಚೆಂದರೆ ಎರಡು ಶತಮಾನಗಳ ವಯಸ್ಸು. ಹೆಸರು ಮಾತ್ರ ಹಳೆಯದು. ಯಿಡ್ಡಿಷಿನ 'ಲಾಟ್ಕೆ' ಸ್ಲಾವ್ ಭಾಷೆಗಳ 'ಒಲಾದ್ಕಾ' ಎಂಬ ಮಾತಿನಿಂದ, ಅದು ಆಲಿವ್ ಎಣ್ಣೆಯನ್ನು ಸೂಚಿಸುವ ಗ್ರೀಕ್ ಮಾತಿನಿಂದ ಬಂದದ್ದು. ಬಾಣಲೆಯಲ್ಲಿ ಬಾತುಕೊಬ್ಬಿದ್ದರೂ ಹೆಸರಿನಲ್ಲಿ ಆಲಿವ್ ಉಳಿದಿತ್ತು.

ಹನುಕ್ಕಾ ಅರಿಯದ ಗಾಣಿಗರು

ಭಾರತದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯ ಈ ಕಥೆಯಲ್ಲಿ ವಿಶೇಷವಾದದ್ದು. ಅಲಿಬಾಗ್ ಬಳಿಯ ನವಗಾಂವ್‌ನಲ್ಲಿ ಹಡಗು ಒಡೆದು ಬದುಕುಳಿದ ಏಳು ಜೋಡಿಗಳ ಸಂತತಿ ತಾವೆಂದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಅವರ ಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದು. ಸಬ್ಬತ್ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಸುನ್ನತಿ, ಸಬ್ಬತ್, ಕೆಲವು ಹಬ್ಬ ಉಪವಾಸಗಳನ್ನು ಉಳಿಸಿಕೊಂಡಿದ್ದ ಈ ಎಣ್ಣೆಯ ಕಸುಬಿನವರಿಗೆ ಎಣ್ಣೆಯ ಹಬ್ಬ ಮಾತ್ರ ಗೊತ್ತಿರಲಿಲ್ಲ. ದೇವಾಲಯದ ಪುನರರ್ಪಣೆಗೂ ಮೊದಲೇ ಪೂರ್ವಿಕರು ನಾಡು ಬಿಟ್ಟಿದ್ದಕ್ಕೆ ಇದೇ ಪುರಾವೆ ಎಂದು ಆ ಸಮುದಾಯದ ಚರಿತ್ರಕಾರ ಹೈಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾದಿಸಿದರು. ವಿದ್ವಾಂಸರೆಲ್ಲ ಇದನ್ನು ಒಪ್ಪುವುದಿಲ್ಲ.

ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದವರು ಈ ಸಮುದಾಯದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ, ಬಿಡುಗಡೆಗಾಗಿ ಹೊತ್ತ ಹರಕೆಗೆ 1796ರಲ್ಲಿ ಅದನ್ನು ಕಟ್ಟಿಸಿದರೆಂಬುದು ಸಮುದಾಯದ ಪರಂಪರೆ. ಮುಂದೆ ಕೊಚ್ಚಿಯ ಮತ್ತು ಬಾಗ್ದಾದ್ ಮೂಲದ ಯೆಹೂದಿಗಳ ಸಂಪರ್ಕ ಬೆಳೆದಂತೆ ಹನುಕ್ಕಾವೂ ಅವರ ಮನೆಗಳಿಗೆ ಬಂತು. ಕೊಚ್ಚಿಯ ಯೆಹೂದಿಗಳಿಗೆ ಹಬ್ಬ ಮೊದಲಿಂದ ಪರಿಚಿತ. ದೀಪಕ್ಕೆ ಅವರು ಬಳಸಿದ್ದು ತೆಂಗಿನೆಣ್ಣೆ, ಹಬ್ಬಕ್ಕೆ ಕರಿದದ್ದು ಅಕ್ಕಿ ಬೆಲ್ಲದ ನೆಯ್ಯಪ್ಪ.

ಬುಗುರಿ, ಕಾಸು, ಉಡುಗೊರೆ

ಹನುಕ್ಕಾ ಮಕ್ಕಳ ಹಬ್ಬವಾದದ್ದು ಆಟ ಮತ್ತು ಕಾಸಿನಿಂದ. ಡ್ರೈಡೆಲ್ ಎಂಬ ನಾಲ್ಕು ಮುಖದ ಬುಗುರಿ ಜರ್ಮನಿಯ ಜೂಜಿನ ಆಟದಿಂದ ಬಂದದ್ದು. ಅದರ ಹೀಬ್ರೂ ಅಕ್ಷರಗಳು ನೂನ್, ಗಿಮೆಲ್, ಹೇ, ಶಿನ್. ಯಿಡ್ಡಿಷಿನಲ್ಲಿ ಏನೂ ಇಲ್ಲ, ಪೂರ್ತಿ, ಅರ್ಧ, ಕಟ್ಟು ಎಂಬ ಪದಗಳ ಮೊದಲಕ್ಷರಗಳು ಅವು. ಬುಗುರಿ ಬಿದ್ದಂತೆ ಆಟಗಾರ ನಡುವಿನ ರಾಶಿಯಿಂದ ಕಾಸನ್ನೋ ಬೀಜಗಳನ್ನೋ ಬಾಚಿಕೊಳ್ಳುತ್ತಾನೆ, ಇಲ್ಲವೇ ತಾನೇ ಕಟ್ಟುತ್ತಾನೆ. ಜೂಜಿನ ಈ ಅಕ್ಷರಗಳಿಗೆ 'ಮಹಾ ಪವಾಡವೊಂದು ಅಲ್ಲಿ ನಡೆಯಿತು' ಎಂಬ ಹೀಬ್ರೂ ವಾಕ್ಯದ ಅರ್ಥವನ್ನು ಆಮೇಲೆ ಹೊಂದಿಸಿದರು. ಪೂರ್ವ ಯುರೋಪಿನಲ್ಲಿ ಹನುಕ್ಕಾ ಸಮಯಕ್ಕೆ ಮಕ್ಕಳ ಉಪಾಧ್ಯಾಯರಿಗೆ ಕಾಸು ಕೊಡುವ ವಾಡಿಕೆಯಿತ್ತು. ಮಕ್ಕಳಿಗೂ ಅದು ಸಿಗತೊಡಗಿ 'ಹನುಕ್ಕಾ ಗೆಲ್ಟ್' ಎಂಬ ಹೆಸರು ನಿಂತಿತು.

ಅಮೆರಿಕದಲ್ಲಿ ಹಬ್ಬ ದೊಡ್ಡದಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿನ್ಸಿನಾಟಿಯ ರಬ್ಬಿಗಳಾದ ಐಸಾಕ್ ಮೇಯರ್ ವೈಸ್ ಮತ್ತು ಮ್ಯಾಕ್ಸ್ ಲಿಲಿಯೆಂಥಾಲ್ ಮಕ್ಕಳಿಗಾಗಿ ಸಿನಗಾಗಿನಲ್ಲಿ ಹನುಕ್ಕಾ ಉತ್ಸವಗಳನ್ನು ಪ್ರೋತ್ಸಾಹಿಸಿದರು. ಸುತ್ತ ಕ್ರಿಸ್‌ಮಸ್ ಮರ, ಉಡುಗೊರೆಗಳ ಸಡಗರವಿರುವಾಗ ಯೆಹೂದಿ ಮಕ್ಕಳಿಗೂ ತಮ್ಮದೆನ್ನಲು ಒಂದು ಹಬ್ಬ ಬೇಕಿತ್ತು. ಧಾರ್ಮಿಕವಾಗಿ ಚಿಕ್ಕದಾದ ಹನುಕ್ಕಾ ಡಿಸೆಂಬರಿನಲ್ಲಿ ಬರುವ ಕಾರಣಕ್ಕೆ ದೊಡ್ಡ ಜವಾಬ್ದಾರಿ ಹೊತ್ತಿತು. ಕಾಸಿನ ಜೊತೆಗೆ ಉಡುಗೊರೆ ಬಂತು. 1920ರ ದಶಕದಲ್ಲಿ ಹಾಳೆ ಸುತ್ತಿದ ಚಾಕೊಲೇಟ್ ನಾಣ್ಯಗಳೂ ಅಂಗಡಿಗೆ ಬಂದವು.

ಬಾಣಲೆಯೂ ಬದಲಾಯಿತು. 1911ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹತ್ತಿಬೀಜದ ಎಣ್ಣೆಯನ್ನು ಗಟ್ಟಿಯಾಗಿಸಿ ಕ್ರಿಸ್ಕೋ ಹೆಸರಿನಲ್ಲಿ ಮಾರಿತು. ಡಾಲ್ಡಾ ಬಲ್ಲವರಿಗೆ ಇಂಥ ವನಸ್ಪತಿ ಹೊಸದಲ್ಲ. ಸಸ್ಯಮೂಲದ್ದಾದ್ದರಿಂದ ಕೋಶರ್ ನಿಯಮದಲ್ಲಿ ಅದು ಮಾಂಸಕ್ಕೂ ಸಲ್ಲುತ್ತದೆ, ಹಾಲಿಗೂ ಸಲ್ಲುತ್ತದೆ. ಕಂಪನಿ 1933ರಲ್ಲಿ ಯೆಹೂದಿ ಗೃಹಿಣಿಯರಿಗೆಂದೇ ಯಿಡ್ಡಿಷ್ ಮತ್ತು ಇಂಗ್ಲಿಷಿನಲ್ಲಿ ಅಡುಗೆ ಪುಸ್ತಿಕೆ ಹೊರತಂದಿತು. ಬಾತುಕೊಬ್ಬು ಹಿಂದೆ ಸರಿದಾಗ ಲಾಟ್ಕೆಯ ಪಕ್ಕಕ್ಕೆ ಹುಳಿ ಕೆನೆ ನಿರಾತಂಕವಾಗಿ ಬಂತು. ಮನೆಯಲ್ಲಿ ಬೇರೆ ಆಚರಣೆ ಕಡಿಮೆಯಾದವರಲ್ಲೂ ಹನುಕ್ಕಾ ದೀಪ, ಅಜ್ಜಿಯ ಅಳತೆಯ ಲಾಟ್ಕೆ ಉಳಿದುಕೊಂಡವು. ಲಾಟ್ಕೆ ಮೇಲೋ ಪೂರೀಮ್ ಹಬ್ಬದ ತ್ರಿಕೋನ ಕಡುಬು ಹಾಮಂತಾಶ್ ಮೇಲೋ ಎಂದು ಪ್ರಾಧ್ಯಾಪಕರು ಪಾಂಡಿತ್ಯದ ಗತ್ತಿನಲ್ಲೇ ತಮಾಷೆಗೆ ಚರ್ಚಿಸುವ ಸಂಪ್ರದಾಯ ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ತೊಡಗಿತು.

ಸುಫ್ಗಾನಿಯಾ ಮತ್ತು ಕೂಡಿದ ಬಾಣಲೆಗಳು

ಪ್ಯಾಲೆಸ್ಟೀನಿನಲ್ಲಿ ಹಬ್ಬದ ತಿನಿಸನ್ನು ತಿದ್ದಿದ್ದು ಕಾರ್ಮಿಕ ಸಂಘಟನೆ. ಪೋಲೆಂಡ್, ಜರ್ಮನಿಗಳಿಂದ ಬಂದವರು ಜಾಮ್ ತುಂಬಿ ಕರಿದ ದುಂಡನೆಯ ಬನ್ನನ್ನು ಜೊತೆಗೆ ತಂದಿದ್ದರು. ಇಂಥ ತಿನಿಸಿನ ವಿಧಾನ 1485ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲಿದೆ. ಹೀಬ್ರೂವನ್ನು ಆಡುಮಾತಾಗಿ ಕಟ್ಟುತ್ತಿದ್ದವರು ತಾಲ್ಮುದ್ ಕಾಲದ ಹಳೆಯ ಪದವನ್ನು ಅದಕ್ಕಿಟ್ಟು ಸುಫ್ಗಾನಿಯಾ ಎಂದರು. 1920ರಲ್ಲಿ ಸ್ಥಾಪನೆಯಾದ ಹಿಸ್ತಾದ್ರುತ್ ಕಾರ್ಮಿಕ ಒಕ್ಕೂಟ ಇದನ್ನು ಹನುಕ್ಕಾ ತಿನಿಸಾಗಿ ಪ್ರಚಾರ ಮಾಡಿತು. ಲಾಟ್ಕೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ಜಾಮ್ ತುಂಬಿದ ಬನ್ನಿಗೆ ಬೇಕರಿ ಬೇಕು; ಬೇಕರಿ ನಡೆದರೆ ಸಾಗಣೆಗೂ ಮಾರಾಟಕ್ಕೂ ಜನ ಬೇಕು, ಚಳಿಗಾಲದಲ್ಲಿ ಕೂಲಿ ಸಿಗುತ್ತದೆ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಮೊರಾಕ್ಕೋ, ಇರಾಕ್, ಯೆಮೆನ್, ಪೋಲೆಂಡ್, ಕೊಚ್ಚಿ, ಕೊಂಕಣಗಳಿಂದ ಯೆಹೂದಿಗಳು ಅಲ್ಲಿಗೆ ಹೋದರು. ಬೆನೆ ಇಸ್ರೇಲರಲ್ಲೂ ಹೆಚ್ಚಿನವರು ಈಗ ಅಲ್ಲೇ ಇದ್ದಾರೆ. ಅಂಗಡಿಗಳಲ್ಲಿ ಸುಫ್ಗಾನಿಯಾ ಗೆದ್ದಿತು. ಮೊರಾಕ್ಕೋ ಮನೆಗಳಲ್ಲಿ ಸ್ಫೆಂಜ್, ಇರಾಕಿ ಮನೆಗಳಲ್ಲಿ ಜಲಾಬಿಯಾ, ಅಶ್ಕೆನಾಜಿ ಮನೆಗಳಲ್ಲಿ ಬೈಬಲ್ಲಿನಿಂದ ಎತ್ತಿದ 'ಲೆವಿವೋತ್' ಎಂಬ ಹೊಸ ಹೆಸರು ಹೊತ್ತ ಲಾಟ್ಕೆ ಉಳಿದವು. 1958ರಲ್ಲಿ ಇಸ್ರೇಲಿನ ಕೇಂದ್ರ ಬ್ಯಾಂಕು ಹಬ್ಬದ ಕಾಸಿನ ನೆನಪಿಗೆ ದೀಪಸ್ತಂಭದ ಚಿತ್ರವಿರುವ ಹನುಕ್ಕಾ ನಾಣ್ಯವನ್ನು ಹೊರಡಿಸಿತು. ಬುಗುರಿಯ ಒಂದು ಮುಖವೂ ಬದಲಾಯಿತು. ಇಸ್ರೇಲಿನಲ್ಲಿ ಮಾಡುವ ಬುಗುರಿಯ ಮೇಲೆ 'ಅಲ್ಲಿ' ಎಂಬುದರ ಶಿನ್ ಬದಲು 'ಇಲ್ಲಿ' ಎಂಬುದರ ಪೇ ಅಕ್ಷರವಿರುತ್ತದೆ. ಉಳಿದೆಲ್ಲ ನಾಡುಗಳ ಯೆಹೂದಿ ಮಕ್ಕಳು ಆಡಿಸುವ ಬುಗುರಿ ಇಂದಿಗೂ 'ಅಲ್ಲಿ' ಎಂದೇ ಹೇಳುತ್ತದೆ.